ನಾಳೆ ಬಾ ಅಂತ ಬರೆದೋರೆಲ್ಲ ಸಾಲಗಾರರೇ

ನಮ್ಮ ರೋಲ್‌ಪ್ಲೇಯಿಂಗ್ ಆಟದ ಮೂರನೇ ಸೆಷನ್ನು, ರಾತ್ರಿ ಹನ್ನೊಂದೂವರೆ ಆಗಿತ್ತು, ನಮ್ಮ ಗುಂಪಿನ ಸಿಎ ದಾಳ ಕೈಯಲ್ಲಿ ಹಿಡ್ಕೊಂಡು ಹಾಕ್ದೇನೇ ಕೂತಿದ್ದ. ಹಾಕೋ ಮಾರಾಯ ಅಂತ ಎಲ್ಲರೂ ಬಯ್ತಿದ್ರೆ ಇವನು ಕೇಳ್ದ, "ಅಲ್ಲ ಗುರು, ಆಗ ಬಾಗಿಲು ಬಾಗಿಲಿಗೂ ನಾಳೆ ಬಾ ಅಂತ ಬರೆದ್ರಲ್ಲ, ಅದು ಲೆಕ್ಕದ ಪ್ರಕಾರ ಏನು? ಅವಳು ಬಂದ್ಲು, ನಾವು ಇವತ್ತಾಗಲ್ಲ ನಾಳೆ ಅಂದ್ವಿ. ಅದು ಬಾಕಿ ತಾನೇ? ಮೂವತ್ತು ವರ್ಷದ ಬಾಕಿ. ಬಡ್ಡಿ ಬೇರೆ."

ರಾತ್ರಿ ಬಂದು ಬಾಗಿಲು ಬಡಿಯೋ ಆ ನಾಳೆ ಬಾ ದೆವ್ವನ ನಾನು ಸುಮ್ನೆ ಊರಿನ ವಾತಾವರಣಕ್ಕೆ ಅಂತ ಒಂದು ಮೂಲೇಲಿ ಇಟ್ಟಿದ್ದೆ ಅಷ್ಟೇ, ಕಥೆಗೂ ಅದಕ್ಕೂ ಸಂಬಂಧಾನೇ ಇರ್ಲಿಲ್ಲ. ಎರಡು ತಿಂಗಳು ಕೂತು ಬರೆದಿದ್ದ ನನ್ನ ಪ್ಲಾಟು ಆ ಒಂದು ಪ್ರಶ್ನೆಗೆ ಹೋಯ್ತು. ಹೋಗಿದ್ದು ಒಳ್ಳೇದೇ ಆಯ್ತು, ಅದನ್ನೇ ಹೇಳೋಣ ಅಂತ ಇದು.

ಗೊತ್ತಿಲ್ದೇ ಇರೋರಿಗೆ ಮೊದ್ಲು ಈ ಆಟ ಏನು ಅಂತ ಹೇಳ್ಬಿಡ್ತೀನಿ. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಅಂದ್ರೆ ಕಂಪ್ಯೂಟರ್ ಇಲ್ಲ, ಬೋರ್ಡೂ ಇಲ್ಲ, ನಾಲ್ಕೈದು ಜನ ಟೇಬಲ್ ಸುತ್ತ ಕೂರ್ತಾರೆ, ಒಬ್ಬೊಬ್ರದ್ದು ಒಂದೊಂದು ಪಾತ್ರ, ಇನ್ನೊಬ್ಬ ಜಿಎಂ, ಅಂದ್ರೆ ಗೇಮ್ ಮಾಸ್ಟರ್ ಅಂತ ಇರ್ತಾನೆ, ಅವನು ಊರು, ಮಳೆ, ಪೊಲೀಸು, ದೆವ್ವ, ಮಿಕ್ಕಿದ್ದೆಲ್ಲ. ನಾನು ಹಿಂಗೆ ಹತ್ತು ನಿಮಿಷ ವಿವರಿಸಿದ್ಮೇಲೆ ನಮ್ಮ ಪುತ್ತೂರಿನ ಗೆಳೆಯ ಹೇಳಿದ್ದು, "ಇದು ತಾಳಮದ್ದಳೆ ಅಲ್ವ ಮಾರಾಯ. ವೇಷ ಇಲ್ಲ, ಕೂತ್ಕೊಂಡು ಅರ್ಥ ಹೇಳುವುದು, ನೀನು ಭಾಗವತ. ಹೊಸದೆಂತ ಉಂಟು ಇದ್ರಲ್ಲಿ?" ದಾಳ ಉಂಟು ಅಂದೆ. ಆದ್ರೆ ಮನಸ್ಸಲ್ಲಿ ಹೌದಲ್ವಾ ಅನ್ಸ್ತು. ಪ್ರಸಂಗ ಗೊತ್ತಿರುತ್ತೆ, ಮಾತು ಗೊತ್ತಿರಲ್ಲ, ಎದುರಿಗಿರೋನು ಏನು ಹೇಳ್ತಾನೋ ಅದರ ಮೇಲೆ ನನ್ನ ಮಾತು. ಇದನ್ನ ಅಮೆರಿಕದೋರು 1974ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಅಂತ ಪೆಟ್ಟಿಗೇಲಿ ಹಾಕಿ ಮಾರಿದ್ರು.

ನಾವು ಮೊದ್ಲು ಆಡಿದ್ದು ವ್ಯಾಂಪೈರ್ ದ ಮಾಸ್ಕರೇಡ್, 1991ರದ್ದು, ನಗರದೊಳಗೆ ಬಣಗಳಾಗಿ ಬದುಕೋ ರಕ್ತಪಿಶಾಚಿಗಳ ಆಟ ಅಂದ್ರೆ ಎಲ್ಲರಿಗೂ ನೆನಪಾಗೋದು ಇದೇ. ಕಮರಿಲ್ಲಾ ಅಂತ ಒಂದು ಬಣ, ನಾವು ಇದ್ದೀವಿ ಅಂತ ಮನುಷ್ಯರಿಗೆ ಗೊತ್ತಾಗ್ಬಾರ್ದು ಅನ್ನೋರು. ಸಬ್ಬತ್ ಅಂತ ಇನ್ನೊಂದು, ಗೊತ್ತಾದ್ರೆ ಏನೀಗ ಅನ್ನೋರು. ನಡುವೆ ಅನಾರ್ಕ್‌ಗಳು, ಇಬ್ಬರ ಮೇಲೂ ಸಿಟ್ಟು. ಊರಿಗೊಬ್ಬ ಪ್ರಿನ್ಸ್, ನಮ್ಮ ಲೆಕ್ಕದಲ್ಲಿ ಪಾಳೇಗಾರ. ಎಲ್ಲ ಚೆನ್ನಾಗಿದೆ, ಆದ್ರೆ ಮೊದಮೊದಲು ಆ ಆಟ ಬೆಳೆದಿದ್ದು ಶಿಕಾಗೋ ಸುತ್ತ, ನಾನೂ ಶಿಕಾಗೋನೇ ಇಟ್ಕೊಂಡೆ, ನಮ್ಮಲ್ಲಿ ಒಬ್ರೂ ಶಿಕಾಗೋ ನೋಡಿಲ್ಲ. "ನೀವು ಸೌತ್ ಸೈಡ್‌ಗೆ ಬಂದ್ರಿ" ಅಂತೀನಿ, ಎಲ್ರೂ ನನ್ನ ಮುಖ ನೋಡ್ತಾರೆ. ಅಲ್ಲಿ ಯಾರ ಬಣದ ಜಾಗಕ್ಕೆ ಯಾರು ಕಾಲಿಟ್ರೆ ಯಾಕೆ ಉರಿಯುತ್ತೆ ಅನ್ನೋದು ಓದಿ ತಿಳ್ಕೋಬೇಕು, ಮೈಗೆ ಬರಲ್ಲ. ಎರಡೇ ಸೆಷನ್ನಿಗೆ ನಿಲ್ಸಿದ್ವಿ.

ಆಮೇಲೆ ನಮ್ಮೂರಲ್ಲೇ ಯಾಕಾಗ್ಬಾರ್ದು ಅನ್ನೋ ಯೋಚ್ನೆ ಬಂತು. 2024ರ ಮಾರ್ಚು, ಬೆಂಗಳೂರಲ್ಲಿ ಬೋರ್‌ವೆಲ್ಲುಗಳು ಬತ್ತಿ ಟ್ಯಾಂಕರ್ ನೀರಿಗೆ ಜನ ಬಡಿದಾಡ್ತಿದ್ದ ಟೈಮು ನೆನಪಿದೆಯಲ್ಲ, ಕಥೇನ ಅಲ್ಲಿಗೇ ಇಟ್ಟೆ. ಈ ಊರಿಗೆ ದೊಡ್ಡ ನದಿ ಇಲ್ಲ, ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಕೂತಿರೋ ಊರು, ಹಿಂದಿನವರು ಹಳ್ಳಕ್ಕೆ ಏರಿ ಕಟ್ಟಿ ಕೆರೆ ಮಾಡಿ, ಒಂದು ಕೆರೆ ತುಂಬಿದ್ರೆ ಕೋಡಿ ಹರಿದು ರಾಜಕಾಲುವೇಲಿ ಇನ್ನೊಂದಕ್ಕೆ ಹೋಗೋ ಹಂಗೆ ಸರಪಣಿ ಮಾಡಿದ್ರು. ಆಮೇಲೆ 1890ರ ದಶಕದಲ್ಲಿ ಹೆಸರಘಟ್ಟದ ನೀರು ಬಂತು, 1974ರಲ್ಲಿ ಕಾವೇರಿ ಬಂತು, ನೂರು ಕಿಲೋಮೀಟರ್ ದೂರದಿಂದ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರ್ತಾರೆ. ನಲ್ಲೀಲಿ ನೀರು ಬಂದ್ಮೇಲೆ ಕೆರೆ ಯಾರಿಗ್ ಬೇಕು. ಧರ್ಮಾಂಬುಧಿ ಕೆರೆ ಇದ್ದ ಜಾಗ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್. ಸಂಪಂಗಿ ಕೆರೆ ಈಗ ಕಂಠೀರವ ಸ್ಟೇಡಿಯಂ. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಸ್ಟೇಡಿಯಂ, ಶೂಲೆ ಕೆರೆ ಫುಟ್‌ಬಾಲ್ ಸ್ಟೇಡಿಯಂ, ಚಲ್ಲಘಟ್ಟ ಕೆರೆ ಗಾಲ್ಫ್ ಕೋರ್ಸು. ಇಷ್ಟು ಕೆರೆಗಳನ್ನ ಆಟಕ್ಕೆ ಕೊಟ್ಟ ಊರು ಇನ್ನೊಂದಿದೆಯೋ ಇಲ್ವೋ.

ಸರಿ, ನನ್ನ ಮೊದಲನೇ ಬಣ ಸಿಕ್ಕಿತು. ಕೆರೆಯೋರು. ಮುಚ್ಚಿಹೋದ ಕೆರೆಗಳ ಜೀವಗಳು. ರಾಜಕಾಲುವೆ ಎಲ್ಲೆಲ್ಲಿ ಇದೆಯೋ ಅಲ್ಲಷ್ಟೇ ಓಡಾಡ್ಬಹುದು, ಒತ್ತುವರಿ ಆದ ಕಡೆ ಸಿಕ್ಕಾಕ್ಕೊಂಡು ಕೂತಿರ್ತಾರೆ, ಜೋರು ಮಳೆ ಬಂದ ದಿನ ಮಾತ್ರ ಬಿಡುಗಡೆ. 2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡ್ ಕಡೆಯ ಐಟಿ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ್ರಲ್ಲ, ನಮ್ಮ ಆಟದಲ್ಲಿ ಅದು ಕೆರೆಯೋರ ಜಾತ್ರೆ.

ಎರಡನೇದು ಗೋಪುರದೋರು. ಕೆಂಪೇಗೌಡರ ನಾಲ್ಕು ಗಡಿಗೋಪುರ, ಲಾಲ್‌ಬಾಗ್ ಬಂಡೆ ಮೇಲೊಂದು, ಕೆಂಪಾಂಬುಧಿ ಕೆರೆ ಹತ್ರ ಒಂದು, ಹಲಸೂರು, ಮೇಖ್ರಿ ಸರ್ಕಲ್. ಊರು ಇಷ್ಟಕ್ಕೇ ನಿಲ್ಲಬೇಕು ಅಂತ ಕಾಯೋಕೆ ನಿಂತ ಕಾವಲುಗಾರರು, ಊರು ಅವರನ್ನ ದಾಟಿ ಎಲ್ಲಿಗೋ ಹೋಗಿದೆ, ಇವರು ಇನ್ನೂ ಕಾಯ್ತಾನೇ ಇದ್ದಾರೆ, ಹಂಗಾಗಿ ಭಯಂಕರ ಬಿಗುಮಾನ, ರಿಟೈರ್ ಆದ ಹೆಡ್‌ಮಾಸ್ಟರ್ ಥರ. ಮೂರನೇದು ದಂಡಿನೋರು, 1809ರಲ್ಲಿ ಬ್ರಿಟಿಷರು ದಂಡು ಹಾಕಿದ ಮೇಲೆ ಬಂದ ದೆವ್ವಗಳು, ಪೇಟೆ ಕಡೆಯೋರ ಜೊತೆ ಇವರಿಗೆ ಮಾತಿಲ್ಲ, ಮಧ್ಯೆ ಕಬ್ಬನ್ ಪಾರ್ಕೇ ಬಾರ್ಡರ್ರು. ಪೇಟೆ, ದಂಡು ಎರಡೂ ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ, ಆ ಕಾಗದಕ್ಕೆ ನಾವು ಸಹಿ ಹಾಕಿಲ್ಲ ಅಂತ ಇವರ ವಾದ. ನಾಲ್ಕನೇದು ಟ್ಯಾಂಕರ್‌ನೋರು. ಇವರು ಮನುಷ್ಯರೇ. ಯಾವ ಶಕ್ತೀನೂ ಇಲ್ಲ, ನೀರಿದೆ. ಉಳಿದ ಮೂರು ಬಣಗಳೂ ಹೆದರೋದು ಇವರಿಗೆ.

ದೇವ್ರುಗಳನ್ನ ಮುಟ್ಟಲಿಲ್ಲ. ಅಣ್ಣಮ್ಮ, ಧರ್ಮರಾಯ, ಮುನೇಶ್ವರ, ಇವರ್ಯಾರನ್ನೂ ಎನ್‌ಪಿಸಿ, ಅಂದ್ರೆ ಜಿಎಂ ಆಡ್ಸೋ ಪಾತ್ರ, ಮಾಡಲ್ಲ ಅಂತ ಮೊದಲೇ ಹೇಳ್ಬಿಟ್ಟೆ. ಜನ ಇವತ್ತಿಗೂ ಹರಕೆ ಹೊರೋ ದೇವ್ರ ಬಾಯಿಗೆ ನಾನು ಡೈಲಾಗ್ ತುರುಕೋದು ನಂಗೆ ಸರಿ ಕಾಣಲ್ಲ. ಪುತ್ತೂರಿನವನಂತೂ, "ನಮ್ಮಲ್ಲಿ ದೈವದ ಮಾತು ಹೇಳ್ಳಿಕ್ಕೆ ಅದಕ್ಕೇ ಅಂತ ಜನ ಇದ್ದಾರೆ, ನೀನು ನಾನು ಚಿಪ್ಸ್ ತಿಂತಾ ಹೇಳುವುದಲ್ಲ" ಅಂದ. ಅದಕ್ಕೆ ಒಂದೇ ರೂಲು ಇಟ್ವಿ, ಕರಗದ ರಾತ್ರಿ ಯಾವ ಬಣವೂ ಕೈ ಎತ್ತೋ ಹಂಗಿಲ್ಲ.

ಆಟದ ನಿಯಮಕ್ಕೆ ಅರ್ಬನ್ ಶ್ಯಾಡೋಸ್ ತಗೊಂಡ್ವಿ, 2015ರದ್ದು. ಅಪೋಕಲಿಪ್ಸ್ ವರ್ಲ್ಡ್ ಅಂತ 2010ರಲ್ಲಿ ಬಂದ ಆಟದ ಎಂಜಿನ್ನೇ, ಅಂದ್ರೆ ಮೂಲ ನಿಯಮಗಳೇ, ಇದಕ್ಕೂ. ಎರಡು ಮಾಮೂಲಿ ದಾಳ, ಲೂಡೋದ್ದು ಇದ್ರೂ ನಡೆಯುತ್ತೆ. ಹತ್ತು ಇಲ್ಲ ಅದಕ್ಕಿಂತ ಜಾಸ್ತಿ ಬಿದ್ರೆ ಕೆಲ್ಸ ಆಯ್ತು, ಆರು ಇಲ್ಲ ಅದಕ್ಕಿಂತ ಕಮ್ಮಿ ಬಿದ್ರೆ ಜಿಎಂ ಏನಾದ್ರೂ ತೊಂದ್ರೆ ಕೊಡ್ತಾನೆ, ಏಳರಿಂದ ಒಂಬತ್ತು ಬಿತ್ತು ಅಂದ್ರೆ ಕೆಲ್ಸ ಆಗುತ್ತೆ ಆದ್ರೆ ಏನೋ ಕಳ್ಕೋಬೇಕು. ತುಂಬಾ ಸಲ ಬೀಳುತ್ತೆ ಈ ಏಳು ಎಂಟು ಒಂಬತ್ತು, ಹಂಗಾಗಿ ಎಲ್ಲರೂ ಯಾವಾಗ್ಲೂ ಏನೋ ಒಂದು ಕಳ್ಕೊಂಡೇ ಇರ್ತಾರೆ.

ಆದ್ರೆ ಈ ಆಟದ ಜೀವ ದಾಳದಲ್ಲಿಲ್ಲ, ಡೆಟ್ ಅನ್ನೋ ಒಂದು ನಿಯಮದಲ್ಲಿದೆ. ಯಾರಾದ್ರೂ ನಿಂಗೆ ಉಪಕಾರ ಮಾಡಿದ್ರೆ ನೀನು ಅವರಿಗೆ ಒಂದು ಬಾಕಿ, ಬರೆದಿಡಬೇಕು, ಅವರು ಯಾವತ್ತಾದ್ರೂ ಬಂದು ಅದನ್ನ ವಸೂಲಿ ಮಾಡ್ತಾರೆ, ಆಗಲ್ಲ ಅಂದ್ರೆ ಊರಲ್ಲಿ ಮರ್ಯಾದೆ ಹೋಗ್ಬಹುದು. ಮೊದಲನೇ ದಿನ ನಮ್ಮ ಮೇಡಂ (ಪಿಯು ಕಾಲೇಜಲ್ಲಿ ಕನ್ನಡ ಪಾಠ ಮಾಡ್ತಾರೆ, ನಮಗೆಲ್ಲ ಮೇಡಂ) ಶೀಟ್ ಮೇಲೆ ಆ ಇಂಗ್ಲಿಷ್ ಪದ ಹೊಡೆದುಹಾಕಿ ಋಣ ಅಂತ ಬರೆದ್ರು. ಸಿಎ ಒಪ್ಪಲಿಲ್ಲ, ಸಾಲ ಅಂತಿರಲಿ ಅಂದ. ಸಾಲ ಆದ್ರೆ ತೀರಿಸಬಹುದು, ಋಣ ತೀರಲ್ಲ, ಅದಕ್ಕೇ ಎರಡು ಪದ ಇರೋದು ಅಂತ ಅವರು. ಇದೇ ಜಗಳದಲ್ಲಿ ಅರ್ಧ ಗಂಟೆ ಹೋಯ್ತು. ಕೊನೆಗೆ ಎರಡು ಕಾಲಂ ಮಾಡಿದ್ವಿ. ಇಂಗ್ಲಿಷ್ ಪುಸ್ತಕದಲ್ಲಿ ಇಲ್ಲದ ನಿಯಮ ಇದು, ಎರಡನೇ ಕಾಲಂಗೆ ಹೋಗಿದ್ದನ್ನ ಯಾರೂ ವಸೂಲಿ ಮಾಡೋಕೂ ಆಗಲ್ಲ, ಮನ್ನಾ ಮಾಡೋಕೂ ಆಗಲ್ಲ. ಗೋಪುರದೋರ ಋಣದ ಕಾಲಂನಲ್ಲಿ ಒಂದೇ ಹೆಸರು, ಲಕ್ಷ್ಮಮ್ಮ. ಕೋಟೆ ಬಾಗಿಲು ನಿಲ್ತಾ ಇಲ್ಲ ಅಂತ ಪ್ರಾಣ ಕೊಟ್ಟಳು ಅಂತ ಹೇಳ್ತಾರಲ್ಲ ಕೆಂಪೇಗೌಡರ ಸೊಸೆ, ಕೋರಮಂಗಲದಲ್ಲಿ ಸಮಾಧಿ ಇದೆ. ಅವಳು ಏನೂ ಕೇಳಲೇ ಇಲ್ಲ, ಹಂಗಾಗಿ ಏನು ಕೊಟ್ರೂ ಮುಗಿಯಲ್ಲ. ನಾನು ಆ ಹೆಸರು ಬರೆದಾಗ ಸಿಎ ಕೂಡ ಸುಮ್ನಾದ.

ಮೊದಲನೇ ಸೆಷನ್ನು ದಂಡ. ತಪ್ಪು ನಂದೇ. ಮೇಲೆ ನಿಮಗೆ ಮೂರು ಪ್ಯಾರಾದಲ್ಲಿ ಹೇಳಿದ್ದನ್ನ ಅವರಿಗೆ ನಲವತ್ತು ನಿಮಿಷ ಉಪನ್ಯಾಸ ಕೊಟ್ಟೆ, ತಂಗಿ ಮೊಬೈಲ್ ತೆಗೆದ್ಲು, ಪುತ್ತೂರಿನವ ಕಡ್ಲೆಕಾಯಿ ಸಿಪ್ಪೆ ಜೋಡ್ಸಿ ರಥ ಮಾಡ್ದ. ಎರಡನೇದರಲ್ಲಿ ಕಂಠೀರವದ ಒಳಗೆ ಕೆರೆಯೋರಿಗೂ ದಂಡಿನೋರಿಗೂ ದೊಡ್ಡ ಕಾಳಗ ಇಟ್ಟೆ, ಸಿನಿಮಾ ಥರ ಇರುತ್ತೆ ಅನ್ಕೊಂಡೆ, ಅದೂ ಎದ್ದೇಳಲಿಲ್ಲ. ಯಾಕಂದ್ರೆ ಪಾತ್ರಗಳಿಗೆ ಎರಡೂ ಕಡೆ ಯಾರೂ ಬೇಕಾದೋರಿಲ್ಲ, ಯಾರು ಗೆದ್ರೆ ಏನು. ತಂಗಿ ಮಾರನೇ ದಿನ ಕಾಫಿ ಕುಡೀತಾ ಹೇಳಿದ್ಲು, "ಅಣ್ಣಾ, ಆ ಕೆರೆಗಳು ಜಗಳ ಆಡ್ಕೊಂಡ್ರೆ ನಂಗೇನಾಗ್ಬೇಕು? ನನ್ನ ಮನೆಗೆ ನೀರು ಬರಲ್ಲ ಅಂತ ಹೇಳು, ಆಗ ನೋಡು." ಜಿಎಂಗಳಿಗೆ ಬರೆದಿರೋ ಎಷ್ಟೋ ಸಲಹೆ ಓದಿದ್ದೀನಿ, ಇಷ್ಟು ಚಿಕ್ಕದಾಗಿ ಯಾರೂ ಹೇಳಿರ್ಲಿಲ್ಲ.

ಮೂರನೇದಕ್ಕೆ ಎಲ್ಲ ಚಿಕ್ಕದು ಮಾಡ್ದೆ. ತಂಗಿಯ ಪಾತ್ರ ಇರೋ ಬೀದಿಗೆ ಮೂರು ದಿನದಿಂದ ಟ್ಯಾಂಕರ್ ಬಂದಿಲ್ಲ. ಸ್ಟೀಲ್ ಲೋಟ ಮಗುಚಿ ಕಾಗದದ ಮೇಲೆ ಒಂದು ವೃತ್ತ ಎಳೆದು ಆರು ಹೋಳು ಮಾಡಿ ಎಲ್ಲರಿಗೂ ಕಾಣೋ ಹಂಗೆ ನಡುವೆ ಇಟ್ಟೆ, ಮೇಲೆ "ಕೆರೆಯೋರು ಮೆಜೆಸ್ಟಿಕ್ ವಾಪಸ್ ತಗೊಳ್ತಾರೆ" ಅಂತ ಬರೆದೆ, ಇಂಥ ಆಟಗಳಲ್ಲಿ ಇದನ್ನ ಕ್ಲಾಕ್ ಅಂತಾರೆ, ಬಣ ಒಂದು ಹೆಜ್ಜೆ ಮುಂದೆ ಹೋದಾಗ ಒಂದು ಹೋಳಿಗೆ ಬಣ್ಣ. ಮೊದಲನೇ ಹೋಳು, ಮಳೆ ಇಲ್ದೇ ಪ್ಲಾಟ್‌ಫಾರ್ಮ್ ಒದ್ದೆ. ಎರಡನೇದು, ನೆಲದಡಿ ಮೆಟ್ರೋ ಸ್ಟೇಷನ್ನಲ್ಲಿ ಕಪ್ಪೆ ಕೂಗು. ಮೂರನೇದು, ಧರ್ಮಸ್ಥಳದ ಬಸ್ಸು ಹತ್ತಿದೋರು ಇಳಿದಾಗ ಎಲ್ಲರ ಚಪ್ಪಲೀಲೂ ಕೆಸರು. ಬರೀ ಈ ಕಪ್ಪೆ ಕೂಗಿಗೇ ಟೇಬಲ್ಲು ಎದ್ದು ಕೂತ್ಕೊಳ್ತು, ಹಿಂದಿನ ವಾರದ ಮಹಾಕಾಳಗಕ್ಕೆ ಆಗದೇ ಇದ್ದಿದ್ದು.

ಮತ್ತೆ ಆ ಪ್ರಶ್ನೆ ಬಂತು. ನಾಳೆ ಬಾ.

ತೊಂಬತ್ತರ ದಶಕದಲ್ಲಿ ಇಲ್ಲಿ ಚಿಕ್ಕೋರಾಗಿದ್ದೋರಿಗೆ ವಿವರಿಸೋದೇ ಬೇಡ. ರಾತ್ರಿ ಒಂದು ಹೆಣ್ಣು ದೆವ್ವ ಬಂದು ಬಾಗಿಲು ಬಡಿಯುತ್ತೆ, ನಮ್ಮೋರದ್ದೇ ದನೀಲಿ ಹೆಸರು ಹಿಡಿದು ಕರೆಯುತ್ತೆ, ತೆಗೆದ್ರೆ ಸತ್ರಿ, ಅದಕ್ಕೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೀಬೇಕು, ಅದು ಓದ್ಕೊಂಡು ವಾಪಸ್ ಹೋಗುತ್ತೆ, ನಾಳೆ ಬಂದು ಮತ್ತೆ ಅದನ್ನೇ ಓದುತ್ತೆ. ನಮ್ಮ ಬೀದೀಲಿ ಇಟ್ಟಿಗೆ ಚೂರಲ್ಲಿ ಬರೆದಿದ್ರು, ನಮ್ಮನೆ ಬಾಗಿಲ ಮೇಲೆ ಬರೆದಿದ್ದು ನಾನೇ, ಅಕ್ಷರ ಕಲಿತಿದ್ದ ಹೊಸದು, ಳ ತಿರುವು ಸರಿ ಬಂದಿಲ್ಲ ಅಂತ ಅಮ್ಮ ಅಳಿಸಿ ಮತ್ತೆ ಬರೆಸಿದ್ರು. ದೆವ್ವಕ್ಕೂ ಕಾಗುಣಿತ ತಪ್ಪಬಾರ್ದು.

ಸಿಎ ಹೇಳಿದ್ದು "ನಾಳೆ" ಬಗ್ಗೆ. ದಿನಾಂಕ ಹಾಕದ ಪ್ರಾಮಿಸರಿ ನೋಟು ಅದು, ಅವಳು ಯಾವತ್ತು ಬೇಕಾದ್ರೂ ವಸೂಲಿಗೆ ಬರಬಹುದು, ಇಲ್ಲಾ ಇನ್ನೊಬ್ಬರಿಗೆ ಮಾರಬಹುದು. ಅಷ್ಟರಲ್ಲಿ ಮೇಡಂ ನಿಧಾನವಾಗಿ ಕನ್ನಡಕ ತೆಗೆದು, "ನೀವು ನಾಳೆ ನೋಡ್ತಿದೀರ. ನಾನು ಬಾ ನೋಡ್ತಿದೀನಿ. ಅದು ವಿಧ್ಯರ್ಥ. ಬರಬೇಡ ಅಂತ ಯಾರೂ ಎಲ್ಲೂ ಬರೆದಿಲ್ಲ. ಊರಿಗೆ ಊರೇ ಬಾಗಿಲ ಮೇಲೆ ಆಹ್ವಾನ ಬರೆದು ಮಲಗಿದೆ" ಅಂದ್ರು.

ಒಂದು ಸಲ ಮೈ ಜುಮ್ ಅಂತು. ಯಾಕಂದ್ರೆ ಕೆರೆಯೋರ ಕಷ್ಟ ಏನಿತ್ತು? ಕಾಲುವೆ ಬಿಟ್ಟು ಆಚೆ ಬರೋಕಾಗಲ್ಲ. ಆ ಚೀಟಿಗಳು ಅವರ ಕೈಗೆ ಸಿಕ್ರೆ ಬರೆದ ಪ್ರತಿಯೊಂದು ಮನೆಗೂ ನುಗ್ಗಬಹುದು, ಕರೆದಿದ್ದೀರಲ್ಲ ಅಂತ. ಟ್ಯಾಂಕರ್‌ನೋರ ಕೈಗೆ ಸಿಕ್ರೆ ಇನ್ನೂ ಕಷ್ಟ. ರಕ್ತಪಿಶಾಚಿ ಕರೀದೇ ಒಳಗೆ ಬರಲ್ಲ ಅಂತ ವಿಲಾಯತಿ ಕಥೆಗಳಲ್ಲಿ ಇರುತ್ತಲ್ಲ, ನಾವು ಇಟ್ಟಿಗೆ ಚೂರಲ್ಲಿ ಬರೆದು ಕರೆದಿದ್ವಿ. ನಾನು ಬಾತ್‌ರೂಮಿಗೆ ಹೋಗ್ತೀನಿ ಅಂತ ಎದ್ದು ಹತ್ತು ನಿಮಿಷ ಅಲ್ಲೇ ಮೊಬೈಲಲ್ಲಿ ಹೊಸ ಪ್ಲಾಟು ಟೈಪ್ ಮಾಡ್ಕೊಂಡು ಬಂದೆ. ಹಳೇದೆಲ್ಲ ಬಿಟ್ಟೆ, ಒಂದೇ ಪ್ರಶ್ನೆ ಉಳಿಸಿದೆ. ನಾಳೆ ಬಾ ದೆವ್ವ ತನ್ನ ಬಾಕಿ ಪೂರ್ತಿ ಹರಾಜಿಗೆ ಇಟ್ಟಿದ್ದಾಳೆ, ಕರಗದ ರಾತ್ರಿ ಬಣಗಳೆಲ್ಲ ಒಂದೇ ಕಡೆ ಸೇರ್ತವೆ, ಅಲ್ಲಿ ಯಾರಿಗೆ ಮಾರ್ತಾಳೆ?

ನಾಲ್ಕನೇ ಸೆಷನ್ನು ಮೂರೂವರೆ ಗಂಟೆ ನಡೀತು, ಇಡೀ ಹೊತ್ತಲ್ಲಿ ಹೊಡೆದಾಟ ಸೊನ್ನೆ. ಕರಗ ತಿಗಳರಪೇಟೆ ಧರ್ಮರಾಯನ ಗುಡಿಯಿಂದ ಹೊರಟು ಪೇಟೆ ಪೂರ್ತಿ ಸುತ್ತಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುತ್ತಲ್ಲ, ಆ ದಾರಿ ಉದ್ದಕ್ಕೂ ಜನರ ಮಧ್ಯೆ ಪಾತ್ರಗಳು ನುಗ್ಗಾಡ್ತಾ, ಮಲ್ಲಿಗೆ ವಾಸನೆ, ಕತ್ತಿ ಹಿಡಿದ ವೀರಕುಮಾರರು, ಗೋವಿಂದಾ ಗೋವಿಂದಾ ಕೂಗು, ಅದರ ಸಂದೀಲಿ ಒಂದೊಂದು ಬಣದೋರ ಕಿವೀಲಿ ಒಂದೊಂದು ಮಾತು. ಕರಗವನ್ನ ನಾನು ದೂರದಿಂದಷ್ಟೇ ತೋರಿಸ್ದೆ, ಮೇಲೆ ಹೇಳಿದ ಕಾರಣಕ್ಕೆ. ಸಿಎ ದಂಡಿನೋರ ಹತ್ರ ಇದ್ದ ಬಾಕಿ ಒಂದನ್ನ ಗೋಪುರದೋರಿಗೆ ಕೊಟ್ಟು, ಅವರಿಂದ ಇನ್ನೊಂದು ಬಿಡಿಸ್ಕೊಂಡು, ಅದನ್ನ ಕೆರೆಯೋರ ಮುಂದೆ ಇಟ್ಟು, ನಿಜವಾಗ್ಲೂ ನಂಗೆ ಲೆಕ್ಕ ತಪ್ಪಿಹೋಯ್ತು, ಅವನೇ ಒಂದು ರೂಲ್ಡ್ ನೋಟ್‌ಬುಕ್ಕಲ್ಲಿ ಖಾತೆ ಬರೀತಾ ಇದ್ದ, ಎಡಕ್ಕೆ ಬರಬೇಕಾದ್ದು ಬಲಕ್ಕೆ ಕೊಡಬೇಕಾದ್ದು. ಗೋಪುರದ ಮುದುಕನಿಗೆ ಮೇಡಂ ಬರೀ "ನೀವು ಯಾರನ್ನ ಕಾಯ್ತಿದೀರ, ಊರನ್ನೋ ಗಡೀನೋ" ಅಂತ ಕೇಳಿ ಅರ್ಧ ಗಂಟೆ ಮಾತು ಹೊರಡದ ಹಂಗೆ ಮಾಡಿದ್ರು. ಮುದುಕ ನಾನೇ ತಾನೇ, ನಂಗೇ ಉತ್ತರ ಹೊಳೀಲಿಲ್ಲ.

ಕೊನೇಗೆ ದೆವ್ವದ ಹತ್ರ ಹೋದ್ರು. ಯಾರಿಗೂ ಮಾರಬೇಡ, ಚೀಟಿ ಹರಿದು ಹಾಕು ಅಂತ. ದಾಳ ಹಾಕಿದ್ದು ತಂಗಿ. ಎಂಟು. ಆಗುತ್ತೆ, ಏನೋ ಕೊಡಬೇಕು. ದೆವ್ವ ಹೇಳ್ತು, ಹರಿದು ಹಾಕ್ತೀನಿ, ಆದ್ರೆ ಒಂದೇ ಒಂದು ಮನೇಲಿ ನಾಳೆ ಆಗ್ಬೇಕು. ಒಂದು ಬಾಗಿಲು ತೆಗೀಬೇಕು.

ಎಲ್ಲರೂ ಒಬ್ರ ಮುಖ ಒಬ್ರು ನೋಡ್ತಿದ್ರೆ ಪುತ್ತೂರಿನವ ಕೈ ಒರೆಸ್ಕೊಂಡು, "ನಮ್ಮ ರೂಮಿಗೆ ಬರ್ಲಿ ಮಾರಾಯ. ಅಷ್ಟು ವರ್ಷದಿಂದ ಬಾಗಿಲ ಹೊರಗೆ ನಿಲ್ಸಿದ್ದೀರಿ, ಒಂದು ಊಟ ಹಾಕಿ ಕಳಿಸುವ" ಅಂದ. ಅವನ ಪಾತ್ರ ಊರಿಂದ ಬಂದು ಬಾಡಿಗೆ ರೂಮಲ್ಲಿರೋ ಡ್ರೈವರ್ರು, ಅಮ್ಮ ತೀರಿಹೋಗಿ ವರ್ಷ ಆಗಿದೆ, ಅದು ಶೀಟಲ್ಲೇ ಬರೆದಿತ್ತು. ಸರಿ, ರಾತ್ರಿ ಬಾಗಿಲು ಬಡೀತು ಅಂದೆ. ಯಾರ ದನಿ ಅಂತ ಅವನು ಕೇಳ್ದ, ಕೇಳಬಾರ್ದಿತ್ತು, ಉತ್ತರ ಎಲ್ಲರಿಗೂ ಗೊತ್ತಿತ್ತು. ಎದ್ದು ಹೋಗಿ ಬಾಗಿಲು ತೆಗೆದೆ ಅಂದ. ನಾನು ಏನು ಹೇಳಿಸ್ಲಿ ಅಂತ ತುಂಬಾ ಯೋಚ್ನೆ ಮಾಡಿದ್ದೆ, ಭಯ ಹುಟ್ಟಿಸೋ ಡೈಲಾಗು ಎರಡು ಬರೆದೂ ಇಟ್ಕೊಂಡಿದ್ದೆ, ಆ ಹೊತ್ತಿಗೆ ಬಾಯಿಗೆ ಬಂದಿದ್ದು ಇಷ್ಟೇ.

"ಊಟ ಆಯ್ತಾ ಮಗಾ?"

ಒಂದು ನಿಮಿಷ ಯಾರೂ ಮಾತಾಡ್ಲಿಲ್ಲ. ಅವನು "ಇಲ್ಲ ಅಮ್ಮ, ಒಟ್ಟಿಗೆ ಮಾಡುವ" ಅಂದು ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದ, ಪಾತ್ರ ಅಲ್ಲ, ಅವನೇ.

ಈಗ ಪರಿಸ್ಥಿತಿ ಏನಂದ್ರೆ, ನಾಳೆ ಬಾ ಬಾಕಿ ಪೂರ್ತಿ ಖುಲಾಸೆ, ಆದ್ರೆ ಮೆಜೆಸ್ಟಿಕ್ ವೃತ್ತದಲ್ಲಿ ಐದು ಹೋಳು ತುಂಬಿದೆ, ಟ್ಯಾಂಕರ್‌ನೋರಿಗೆ ಹರಾಜು ಕೆಡಿಸಿದ್ದು ಯಾರು ಅಂತ ಗೊತ್ತಾಗಿದೆ, ತಂಗಿ ಬೀದಿಗೆ ನೀರು ಇನ್ನೂ ಬಂದಿಲ್ಲ. ಐದನೇ ಸೆಷನ್ನು ಹೋದ ಶನಿವಾರವೇ ಆಗ್ಬೇಕಿತ್ತು. ಯಾರಿಗೆ ಯಾರು ಎಷ್ಟು ಬಾಕಿ ಅನ್ನೋದೆಲ್ಲ ಸಿಎ ನೋಟ್‌ಬುಕ್ಕಲ್ಲಿದೆ, ಅವನು ಆಡಿಟ್ ಅಂತ ಹುಬ್ಬಳ್ಳಿಗೆ ಹೋಗಿದ್ದಾನೆ, ನೋಟ್‌ಬುಕ್ಕೂ ಬ್ಯಾಗಲ್ಲೇ ಹೋಗಿದೆ. ಪುಟಗಳ ಫೋಟೋ ತೆಗೆದು ಕಳ್ಸೋ ಅಂತ ಮೂರು ಸಲ ಮೆಸೇಜ್ ಮಾಡಿದ್ದೀನಿ. ನಾಳೆ ಅಂತಾನೆ.